ಸವೆದ ಹಲ್ಲು, ಹಳೆಯ ರೀಲು

ಗಾಳವೆಂದ ಕೂಡಲೇ ನಮ್ಮ ಕಡೆಯವರ ಕಣ್ಣೆದುರು ಬರುವುದು ಒಂದು ಬಿದಿರುಕೋಲು, ನಾಲ್ಕು ಮೊಳ ದಾರ, ತುದಿಗೊಂದು ಕೊಕ್ಕೆ. ಸುಳ್ಳ, ನವಲಗುಂದದ ಎರೆನೆಲದಲ್ಲಿ ಬೆಳೆದವರಿಗೆ ಅಷ್ಟು ಸಾಕು. ಬೆಣ್ಣಿಹಳ್ಳದ ಮೀನಿಗೆ ಅದಕ್ಕಿಂತ ಹೆಚ್ಚಿನ ಸಲಕರಣೆ ಬೇಡ. ಆದರೆ ಕಾಳಿ, ಕಾವೇರಿ, ಕಬಿನಿಯಂಥ ಹೊಳೆಗಳ ಮಾತೇ ಬೇರೆ. 1946ನೆಯ ಇಸವಿ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಾಹಸೀರ್ ಮೀನು 120 ಪೌಂಡು ತೂಗಿತು. ಸುಮಾರು 54 ಕಿಲೋಗ್ರಾಂ. ಒಬ್ಬ ಮನುಷ್ಯನಷ್ಟು ತೂಕದ ಮೀನು ಹರಿವಿನ ಜೊತೆಗೆ ಓಡತೊಡಗಿದರೆ ನಾಲ್ಕು ಮೊಳ ದಾರ ಏನು ಮಾಡೀತು? ನೂರಾರು ಗಜ ದಾರ ಬೇಕು, ಅದನ್ನು ಸುತ್ತಲು, ಬಿಡಲು, ಮತ್ತೆ ಸುತ್ತಲು ಒಂದು ಯಂತ್ರ ಬೇಕು. ಅದೇ ರೀಲು. ನೂಲಿನ ರಾಟಿಯ ಹತ್ತಿರದ ಸಂಬಂಧಿ ಎನ್ನಬಹುದು.

ರೀಲುಗಳಲ್ಲಿ ಎರಡು ಜಾತಿ. ಒಂದರಲ್ಲಿ ಹಿಡಿಕೆಯು ನೇರವಾಗಿ ಉರುಳೆಗೇ ಕೂಡಿರುತ್ತದೆ; ಕೈ ಒಂದು ಸುತ್ತು ಬಂದರೆ ಉರುಳೆಯೂ ಒಂದೇ ಸುತ್ತು. ಅದರಲ್ಲಿ ಹಲ್ಲಿನ ಗಾಲಿಗಳೇ ಇಲ್ಲ, ಆದ್ದರಿಂದ ಸವೆಯುವ ಚಿಂತೆಯೂ ಇಲ್ಲ. ಇನ್ನೊಂದು ಜಾತಿಯಲ್ಲಿ ಹಿಡಿಕೆಯು ಒಂದು ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ, ಅದು ಪಿನಿಯನ್ ಎಂಬ ಚಿಕ್ಕ ಗಾಲಿಯನ್ನು ತಿರುಗಿಸುತ್ತದೆ, ಪಿನಿಯನ್ನು ಉರುಳೆಯನ್ನು ತಿರುಗಿಸುತ್ತದೆ. ದೊಡ್ಡದಕ್ಕೆ 48 ಹಲ್ಲು, ಚಿಕ್ಕದಕ್ಕೆ 12 ಇದ್ದರೆ ಕೈಯ ಒಂದು ಸುತ್ತಿಗೆ ಉರುಳೆಯದು ನಾಲ್ಕು ಸುತ್ತು. ಇದನ್ನು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೆಂಟಕಿಯಲ್ಲಿ ರೂಪಿಸಿದ ಜಾರ್ಜ್ ಸ್ನೈಡರ್ ಗಡಿಯಾರದ ಕೆಲಸದವನು. ಮುಂದೆ ಹೆಸರುವಾಸಿಯಾದ ಸ್ವೀಡನ್ನಿನ ‘ಅಬು’ ರೀಲುಗಳೂ 1921ರಲ್ಲಿ ಹುಟ್ಟಿದ ಒಂದು ಗಡಿಯಾರದ ಕಾರ್ಖಾನೆಯಿಂದಲೇ ಬಂದವು. ಗಡಿಯಾರದವರ ಕೈಯ ಸೂಕ್ಷ್ಮ ಹೊಳೆದಂಡೆಗೆ ಬಂದದ್ದು ಹೀಗೆ. ಪಠ್ಯಪುಸ್ತಕದವರು ಗಿಯರಿಗೆ ‘ದಂತಚಕ್ರ’ ಎನ್ನುತ್ತಾರೆ. ನನಗೆ ‘ಹಲ್ಲುಗಾಲಿ’ಯೇ ಇಷ್ಟ. ಹಣಿಗೆಗೂ ಹಲ್ಲು, ಗರಗಸಕ್ಕೂ ಹಲ್ಲು ಎನ್ನುವ ಕನ್ನಡಕ್ಕೆ ಗಾಲಿಯ ಹಲ್ಲು ಭಾರವೇನೂ ಅಲ್ಲ.

ಈ ಹಲ್ಲು ಸವೆಯುವುದೇಕೆ? ದಾರ ಎಳೆಯುವಾಗ ದೊಡ್ಡ ಗಾಲಿ ಪಿನಿಯನ್ನನ್ನು ಒತ್ತುತ್ತದೆ. ಮೀನು ಓಡುವಾಗ ಪಿನಿಯನ್ನು ದೊಡ್ಡ ಗಾಲಿಯನ್ನು ಒತ್ತುತ್ತದೆ. ಆಗ ದೊಡ್ಡ ಗಾಲಿಯ ಬಟ್ಟಲಿನಲ್ಲಿರುವ ವಾಷರುಗಳು ಬಿಗಿಯಾಗಿ ಜಾರುತ್ತ ದಾರವನ್ನು ಹದವಾಗಿ ಬಿಡುತ್ತವೆ. ಇದಕ್ಕೆ ಡ್ರ್ಯಾಗು ಎನ್ನುತ್ತಾರೆ. ಎರಡೂ ಸಂದರ್ಭದಲ್ಲಿ ಒತ್ತಡ ಬೀಳುವುದು ಹಲ್ಲಿನ ಅದೇ ಮಗ್ಗುಲ ಮೇಲೆ. ಆದ್ದರಿಂದ ಹಳೆಯ ರೀಲಿನ ಹಲ್ಲು ಒಂದೇ ಕಡೆ ತೇದು, ಗರಗಸದ ಹಲ್ಲಿನಂತೆ ವಾಲಿರುತ್ತದೆ. ಕೆಲವು ಯಂತ್ರಗಳಲ್ಲಿ ಇಂಥ ಗಾಲಿಯನ್ನು ಮಗುಚಿ ಹಾಕಿ ಇನ್ನಷ್ಟು ಕಾಲ ದುಡಿಸುವುದುಂಟು. ಇಲ್ಲಿ ವಾಷರಿನ ಬಟ್ಟಲು ಒಂದೇ ಮಗ್ಗುಲಿಗೆ ಇರುವುದರಿಂದ ಆ ಉಪಾಯ ನಡೆಯದು. ಇನ್ನು ನಮ್ಮ ಕಡೆಯ ಎರೆಮಣ್ಣಿನ ಧೂಳು! ಅದು ಒಣಗಿದ ಗ್ರೀಸಿನೊಡನೆ ಕಲೆತರೆ ಸಾಣೆಯ ಪುಡಿಯೇ ಆಗುತ್ತದೆ. ಮುಚ್ಚಳ ತೆಗೆದು ನೋಡಿದಾಗ ಗ್ರೀಸಿನಲ್ಲಿ ಬಂಗಾರದಂಥ ಮಿನುಗು ಕಂಡರೆ ಅದು ಹಲ್ಲಿನಿಂದ ಉದುರಿದ ಹಿತ್ತಾಳೆ ಎಂದು ತಿಳಿಯಿರಿ.

ಸವೆದರೇನಾಯಿತು, ತಿರುಗುತ್ತದಲ್ಲ ಎನ್ನಬಹುದು. ಬರಿಗೈಯಲ್ಲಿ ತಿರುಗುತ್ತದೆ ನಿಜ. ಭಾರ ಬಿದ್ದಾಗ ಹಲ್ಲು ಹಲ್ಲನ್ನು ಹಾರಿ ಜಾರುತ್ತದೆ. ಗಾಬರಿಯಾದ ಬೇಟೆಗಾರ ಡ್ರ್ಯಾಗನ್ನು ಇನ್ನೂ ಬಿಗಿಮಾಡುತ್ತಾನೆ, ದಾರ ಹರಿಯುತ್ತದೆ, ಮೀನು ಬಾಯಲ್ಲಿ ಕೊಕ್ಕೆಯನ್ನೂ ಹಿಂದೆ ಹತ್ತಾರು ಗಜ ದಾರವನ್ನೂ ಎಳೆದುಕೊಂಡು ಹೋಗುತ್ತದೆ. ಆ ದಾರ ಬಂಡೆಗೋ ಬೇರಿಗೋ ಸಿಕ್ಕಿದರೆ ಮೀನಿಗೆ ಬಿಡುಗಡೆಯಿಲ್ಲ. ಕಾವೇರಿಯ ಡುಬ್ಬದ ಮಾಹಸೀರನ್ನು 2018ರಲ್ಲಿ ಟಾರ್ ರೆಮಾದೇವಿ ಎಂಬ ಜಾತಿಯೆಂದು ಗುರುತಿಸಿ, ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಹಿಡಿದದ್ದನ್ನು ಜೀವಂತ ನೀರಿಗೆ ಬಿಡುತ್ತೇನೆ ಎನ್ನುವವನ ಕೈಯಲ್ಲಿ ಜಾರುವ ರೀಲು ಇದ್ದರೆ ಆ ಮಾತಿಗೆ ಅರ್ಥವೇನು?

ನಮ್ಮೂರಿನ ಹಿರಿಯರೊಬ್ಬರು ದಾಂಡೇಲಿಯಲ್ಲಿ ನೌಕರಿ ಮಾಡಿ ಬಂದವರು. ಅವರ ಬಳಿ ಇಂಥದೊಂದು ಸ್ವೀಡನ್ನಿನ ರೀಲು ಉಂಟು. ಅದರ ಪಿನಿಯನ್ನಿನ ಹಲ್ಲು ಸವೆದು ಚೂರಿಯ ಅಲಗಿನಂತಾಗಿತ್ತು. ದೊಡ್ಡ ಗಾಲಿ ನೋಡುವುದಕ್ಕೆ ಅಷ್ಟೇನೂ ಕೆಟ್ಟಿರಲಿಲ್ಲ. ಇದು ಸಹಜ. ದೊಡ್ಡದರ ಒಂದು ಹಲ್ಲು ಒಮ್ಮೆ ದುಡಿಯುವಷ್ಟರಲ್ಲಿ ಚಿಕ್ಕದರ ಹಲ್ಲು ನಾಲ್ಕು ಸಲ ದುಡಿದಿರುತ್ತದೆ. ಹಾಗಾದರೆ ಚಿಕ್ಕದನ್ನಷ್ಟೆ ಬದಲಿಸಿದರೆ ಸಾಲದೆ ಎಂಬುದು ಎಲ್ಲರ ಪ್ರಶ್ನೆ. ಸಾಲದು. ಸವೆದ ಹಲ್ಲಿನ ಆಕಾರಕ್ಕೆ ಹೊಸ ಹಲ್ಲು ಸರಿಯಾಗಿ ಕೂಡುವುದಿಲ್ಲ. ಹಳೆಯದು ಹೊಸದನ್ನು ಬೇಗನೆ ತನ್ನ ದಾರಿಗೆ ತಂದುಬಿಡುತ್ತದೆ. ಜೋಡಿಯಾಗಿ ಸವೆದದ್ದನ್ನು ಜೋಡಿಯಾಗಿಯೇ ಬದಲಿಸಬೇಕು.

ಇದನ್ನು ಹೇಳಿದಾಗ ಆ ಹಿರಿಯರು, “ಏನ್ರೀ ಮಾಸ್ತರ, ಎರಡೂ ಗಾಲಿ ಬದಲಿ ಮಾಡಿದ್ರ ಇದು ನನ್ನ ರೀಲು ಹೆಂಗ ಆಗತೈತಿ?” ಎಂದರು. “ಅಜ್ಜಾರ, ಬಂಡಿ ಗಾಲಿಗೆ ಹೊಸ ಹಳಿ ಕಟ್ಟಿಸಿದ್ರ ಬಂಡಿ ಮಂದೀದು ಆಗತೈತೇನ್ರಿ?” ಎಂದೆ. ಅವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅವರ ಶಂಕೆ ಸುಳ್ಳೆಂದು ನಾನೂ ಹೇಳಲಾರೆ. ಹಳೆಯ ವಸ್ತುವಿನಲ್ಲಿ ಒಡೆಯನ ಕೈಯ ಗುರುತು ಇರುತ್ತದೆ. ಕೊನೆಗೆ ತೆಗೆದ ಗಾಲಿಗಳನ್ನು ಎಸೆಯದೆ ರೀಲಿನ ಜೊತೆಗೇ ಇಡಬೇಕೆಂದು ಒಪ್ಪಂದವಾಯಿತು.

ಜೋಡಿ ಸಿಗುವುದೆಲ್ಲಿ? ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಲೇತು ಹಿಡಿದವರಿಗೆ ಕೊರತೆಯಿಲ್ಲ. ನೇರ ಹಲ್ಲಿನ ಗಾಲಿಯಾದರೆ ಲೆಕ್ಕ ಸುಲಭ: ಹೊರಗಿನ ಅಡ್ಡಳತೆಯನ್ನು ಹಲ್ಲಿನ ಎಣಿಕೆಗೆ ಎರಡು ಕೂಡಿಸಿ ಭಾಗಿಸಬೇಕು. 48 ಹಲ್ಲಿನ ಗಾಲಿ 25 ಮಿಲಿಮೀಟರ್ ಇದ್ದರೆ, 25ನ್ನು 50ರಿಂದ ಭಾಗಿಸಿ ಅರ್ಧ. 12 ಹಲ್ಲಿನ ಪಿನಿಯನ್ನು 7 ಮಿಲಿಮೀಟರ್ ಇದ್ದರೆ, 7ನ್ನು 14ರಿಂದ ಭಾಗಿಸಿ ಅದೂ ಅರ್ಧವೇ. ಎರಡರ ಉತ್ತರವೂ ಒಂದೇ ಬಂದರೆ ಹಲ್ಲಿನ ಅಳತೆ ಕೂಡಿತು. ಅಂಗುಲದ ಲೆಕ್ಕದಲ್ಲಿ ಕಡೆದ ಗಾಲಿ ಕಣ್ಣಿಗೆ ಹಾಗೆಯೇ ಕಂಡರೂ ಹಲ್ಲು ಸ್ವಲ್ಪ ದಪ್ಪವೋ ತೆಳುವೋ ಇರುತ್ತದೆ, ಅಂಥದನ್ನು ಕೂಡಿಸಹೋಗಬಾರದು. ಅಜ್ಜಾರ ರೀಲಿನ ಹಲ್ಲು ಓರೆಯಾಗಿ ಕಡೆದದ್ದು. ಲೇತಿನ ಮಿಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, “ಇಷ್ಟು ಸಣ್ಣ ಓರೆ ಹಲ್ಲು ನನ್ನ ಮಷೀನಿನ್ಯಾಗ ಆಗಂಗಿಲ್ರಿ” ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಆಗದ ಕೆಲಸವನ್ನು ಆಗದೆನ್ನುವ ಮಿಸ್ತ್ರಿ ಸಿಕ್ಕುವುದು ಪುಣ್ಯ. ಕಡೆಗೆ ಚೌಕಟ್ಟು ಮುರಿದ ಅದೇ ಮಾದರಿಯ ಇನ್ನೊಂದು ರೀಲು ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಅದು ಹೆಚ್ಚು ದುಡಿದದ್ದಲ್ಲ, ಎರಡು ಗಾಲಿಗಳೂ ಅದರಿಂದಲೇ ಬಂದವು.

ಜೋಡಿಸುವ ಮೊದಲು ಉರುಳೆಯ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ ನೋಡಬೇಕು. ಬಂಡಿಯ ಅಚ್ಚು ಸವೆದರೆ ಹೊಸ ಗಾಲಿಯೂ ಓಲಾಡುವಂತೆ, ಕಡ್ಡಿ ಕೂರುವ ಬುಷ್ ಸವೆದಿದ್ದರೆ ಗಾಲಿಗಳ ನಡುವಿನ ಅಂತರ ಹೆಚ್ಚಿ ಹೊಸ ಹಲ್ಲೂ ತುದಿಯಲ್ಲಷ್ಟೆ ತಾಗುತ್ತದೆ. ಮೊದಲು ಬುಷ್, ಆಮೇಲೆ ಗಾಲಿ. ಬಿಚ್ಚುವಾಗ ತಿರುಪು, ವಾಷರುಗಳನ್ನು ಬಿಳಿ ಬಟ್ಟೆಯ ಮೇಲೆ ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ. ಹಳೆಯ ಗ್ರೀಸನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಹೊಸ ಗ್ರೀಸು ಹಲ್ಲಿಗೆ ತೆಳ್ಳಗೆ ಸವರಿದರೆ ಸಾಕು. ಬಂಡಿಗೆ ಕೀಲೆಣ್ಣೆ ಸುರಿದಂತೆ ಸುರಿಯಬಾರದು, ಡ್ರ್ಯಾಗಿನ ವಾಷರಿಗಂತೂ ತಾಕಿಸಲೇಬಾರದು. ಅನಂತರ ಭಾರವಿಲ್ಲದೆ ಇನ್ನೂರು ಮುನ್ನೂರು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಉದುರಿದ ಪುಡಿಯನ್ನು ಒರೆಸಿ, ಹೊಸದಾಗಿ ಗ್ರೀಸು ಹಚ್ಚಿ ಮುಚ್ಚಬೇಕು. ಅಜ್ಜಾರು ಆ ಮುನ್ನೂರು ಸುತ್ತನ್ನು ಮೊಮ್ಮಗನ ಕೈಯಲ್ಲಿ ಎಣಿಸಿ ತಿರುಗಿಸಿದರು. ಹಳೆಯ ಗಾಲಿಗಳೆರಡೂ ಎಣ್ಣೆಕಾಗದದಲ್ಲಿ ಸುತ್ತಿ, ತೆಗೆದ ತಾರೀಖು ಬರೆದ ಚೀಟಿಯೊಡನೆ, ರೀಲಿನ ಪೆಟ್ಟಿಗೆಯಲ್ಲಿಯೇ ಇವೆ.