ಮಾಗಿಯ ಹವೆಯನ್ನು ದಿನದಿನವೂ ಗಮನಿಸುವ ಕ್ರಮ



ಮೈಸೂರು ಸೀಮೆಯ ಬಯಲು ತಾಲ್ಲೂಕುಗಳಲ್ಲಿ ಕಾರ್ತಿಕ ಮಾರ್ಗಶಿರಗಳು ರಾಗಿಯ ಕೊಯ್ಲಿನ ಕಾಲವೆಂಬುದು ಸರ್ವವಿದಿತವಾದುದು. ಕೊಯ್ದ ಪೈರು ಕೆಲವು ದಿನ ಹೊಲದಲ್ಲಿಯೇ ಅರಿಯಾಗಿ ಒಣಗಬೇಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರವು ಕುಸಿದು ಮೋಡಗಳು ಮೇಲೇರಿ ಬರುವುದೂ ಇದೇ ಸಮಯದಲ್ಲಿ. ಅರಿಯ ಮೇಲೆ ಎರಡು ದಿನ ಜಡಿಮಳೆ ಹಿಡಿದರೆ ತೆನೆಯಲ್ಲಿಯೇ ಕಾಳು ಮೊಳೆತು ಹುಲ್ಲು ಕಪ್ಪಾಗುವುದು. ಮನೆಯ ಅನ್ನವೂ ದನಗಳ ಮೇವೂ ಒಟ್ಟಿಗೆ ಕೆಡುವುವು. ಮಳೆಗೆ ಹೆದರಿ ಹಸಿಯಾಗಿಯೇ ಮೆದೆ ಒಟ್ಟಿದರೆ ಒಳಗೆ ಕಾವು ಹುಟ್ಟಿ ಮುಗ್ಗುವುದು. ಆದಕಾರಣ ನಾಳೆಯ ಒಂದು ದಿನದ ಹವೆಯನ್ನು ಮುಂಚಿತವಾಗಿ ಊಹಿಸಬಲ್ಲ ರೈತನಿಗೆ ಅದೇ ದೊಡ್ಡ ಲಾಭ.

ಇದಕ್ಕೆ ಮುಖ್ಯ ಸಾಕ್ಷಿ ಇಬ್ಬನಿ. ಆಕಾಶವು ನಿರ್ಮಲವಾಗಿದ್ದು ಗಾಳಿ ನಿಂತ ರಾತ್ರಿಯಲ್ಲಿ ಭೂಮಿಯು ಹಗಲಿನ ಶಾಖವನ್ನು ಮೇಲಕ್ಕೆ ಬಿಟ್ಟು ತಣ್ಣಗಾಗುವುದು. ನೆಲಕ್ಕೆ ಸೋಕಿದ ಗಾಳಿಯ ತೇವವು ಹನಿಗಟ್ಟುವುದು. ಮೋಡ ಕವಿದರೆ ಅದು ಭೂಮಿಗೆ ಹೊದಿಸಿದ ಕಂಬಳಿಯಂತಾಗಿ, ರಾತ್ರಿ ಬೆಚ್ಚಗಿದ್ದು ಇಬ್ಬನಿ ಬೀಳದು. ಬೆಂಗಳೂರಿನಲ್ಲಿ 1884ನೆಯ ಇಸವಿ ಜನವರಿ 13ರಂದು ಶಾಖವು 7.8 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು. ಅಂಥ ಚಳಿಯನ್ನು ಜನರು ಶಪಿಸಬಹುದು. ಒಣಗುತ್ತಿರುವ ರಾಗಿಗೆ ಅದು ಶತ್ರುವಲ್ಲ. ಹಲವು ದಿನ ಬಿದ್ದ ಇಬ್ಬನಿ ಒಂದು ಬೆಳಿಗ್ಗೆ ಕಾಣದಿದ್ದರೆ ಆಗ ಎಚ್ಚರ ವಹಿಸತಕ್ಕದ್ದು.

ಆದರೆ ಬರಿಯ ಗಾಳಿಯಿಂದಲೂ ಇಬ್ಬನಿ ತಪ್ಪುವುದುಂಟು. ಆದುದರಿಂದ ಗಾಳಿಯ ದಿಕ್ಕನ್ನು ನೋಡಬೇಕು. ಗಾಳಿಗೆ ಬೆನ್ನುಮಾಡಿ ನಿಂತವನ ಎಡಗಡೆಯಲ್ಲಿ ವಾಯುಭಾರ ಕಡಿಮೆಯಿರುವುದೆಂದು ಹಾಲೆಂಡಿನ ಬಾಯ್ಸ್ ಬ್ಯಾಲಟ್ ಎಂಬ ವಿದ್ವಾಂಸನು 1857ರಲ್ಲಿ ತೋರಿಸಿದನು. ಬಡಗಣ ಗಾಳಿ ಬಿಡದೆ ಬೀಸಿದರೆ ಎಡಗೈ ಮೂಡಣ ಸಮುದ್ರದ ಕಡೆಗೇ ಆಗುವುದಷ್ಟೆ! ಮೂರನೆಯದು ಚಂದ್ರನ ಪರಿವೇಷ. ಚಾಚಿದ ಕೈಯ ಒಂದು ಗೇಣಿನಷ್ಟು ದೂರದಲ್ಲಿ ಬಳೆ ಕಂಡರೆ ಅದು ಬಹು ಎತ್ತರದ ತೆಳುಮೋಡದಲ್ಲಿನ ಹಿಮದ ಹರಳುಗಳಿಂದ ಆದದ್ದು. ಇದೊಂದನ್ನೇ ನಂಬಿ ಆಳು ಕರೆದವನು ಹಲವು ಸಲ ಮೋಸಹೋಗುವನು. ಬಳೆ ಕಂಡ ಮರುದಿನ ಮೋಡವು ದಟ್ಟವಾಗಿ ಕೆಳಗಿಳಿಯುತ್ತ ಬಂದರೆ ಮಾತ್ರ ನಂಬಬಹುದು.

ರೈತರಿಗಾಗಿ ಹವಾ ವರ್ತಮಾನವನ್ನು ರೇಡಿಯೋದಲ್ಲಿ ಹೇಳುವ ಏರ್ಪಾಡು 1945ರಲ್ಲಿ ಆರಂಭವಾಯಿತು. ಅದನ್ನು ತಪ್ಪದೆ ಕೇಳತಕ್ಕದ್ದೇ. ಆದರೆ ಅದು ವಿಸ್ತಾರವಾದ ಸೀಮೆಗೆ ಹೇಳಿದ ಮಾತು. ಕೆರೆಯ ಕೆಳಗಿನ ಹೊಲಕ್ಕೂ ದಿಣ್ಣೆಯ ಹೊಲಕ್ಕೂ ಇಬ್ಬನಿ ಒಂದೇ ಸಮನಾಗಿ ಬೀಳದು. ಊರಿನ ಮುಖಂಡರೊಬ್ಬರು ಪ್ರತಿದಿನ ಬೆಳಿಗ್ಗೆ ಇಬ್ಬನಿಯನ್ನೂ ಸಂಜೆ ಗಾಳಿ ಮೋಡಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟು, ಮಾರನೆಯ ದಿನ ನಡೆದುದನ್ನು ಎದುರಿಗೆ ಗುರುತಿಸಿದರೆ, ಆ ಊರಿಗೆ ಯಾವ ಗುರುತು ನಿಜ, ಯಾವುದು ಸುಳ್ಳೆಂಬುದು ಕೆಲವು ಮಾಗಿಗಳಲ್ಲಿ ತಿಳಿಯುವುದು. ಮೂರು ಗುರುತುಗಳೂ ಕೂಡಿದ ದಿನ ಹೊಸದಾಗಿ ಕುಡುಗೋಲು ಹಾಕಬಾರದು. ಒಣಗಿದ ಅರಿಯನ್ನು ಬಿಸಿಲೇರಿದ ಮೇಲೆ ಸಿವುಡು ಕಟ್ಟಿ, ತೆನೆ ಒಳಮುಖವಾಗಿ ಮೆದೆ ಹಾಕಿ, ಮೇಲೆ ಹಳೆಯ ಹುಲ್ಲು ಹೊದಿಸತಕ್ಕದ್ದು.