ಮಾವಿನ ಕೊಳೆಗೆ ಹೊಣೆ ಯಾರು?

(ಉಯ್ಯಂಬಳ್ಳಿಯಲ್ಲಿ ಬೆಳೆಗಾರರೂ ಉಪಾಧ್ಯಾಯರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕಾವೇರಿಯೂ ಅರ್ಕಾವತಿಯೂ ಒಂದಾಗುವ ಸಂಗಮಕ್ಕೆ ದೂರವಲ್ಲದ ಈ ಊರಿನಲ್ಲಿ ನಿಂತು ಮಾವಿನ ವಿಷಯವಾಗಿ ಮಾತನಾಡುವುದು ನಮಗೆ ಸಂತೋಷವನ್ನೂ ಸಂಕೋಚವನ್ನೂ ಒಟ್ಟಿಗೆ ಉಂಟುಮಾಡುತ್ತಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳ ಬಾದಾಮಿಯೂ ಸೇಂದೂರವೂ ಕೋಲಾರದ ಹಣ್ಣಿಗಿಂತ ಮುಂಚೆಯೇ ಪೇಟೆಯನ್ನು ಸೇರಿ ಕನ್ನಡಿಗರ ಬಾಯಿಗೆ ವರ್ಷದ ಮೊದಲ ಸಿಹಿಯನ್ನು ಕೊಡುವುವು, ಆದುದರಿಂದ ಸಂತೋಷ. ನಾವಾದರೋ ವಕೀಲರು, ಗುದ್ದಲಿ ಹಿಡಿದವರಲ್ಲ, ಆದುದರಿಂದ ಸಂಕೋಚ. ಆದರೂ ವಕೀಲರಾದ ಕಾರಣದಿಂದಲೇ ನಾವು ಈ ವಿಷಯವನ್ನು ಕಲಿಯಬೇಕಾಗಿ ಬಂದಿತು. ಅದು ಹೇಗೆಂಬುದನ್ನು ಮೊದಲು ಅರಿಕೆ ಮಾಡುವೆವು.

ಕೆಲವು ವರ್ಷಗಳ ಹಿಂದೆ ಒಂದು ವ್ಯಾಜ್ಯವು ನಮ್ಮ ಬಳಿಗೆ ಬಂದಿತು. ಬೆಳೆಗಾರರೊಬ್ಬರು ತಮ್ಮ ತೋಪಿನ ಫಸಲನ್ನು ಹೂವಿನ ಕಾಲದಲ್ಲಿಯೇ ವರ್ತಕರೊಬ್ಬರಿಗೆ ಗುತ್ತಿಗೆ ಕೊಟ್ಟಿದ್ದರು. ಅರ್ಧ ಹಣವು ಮುಂಗಡವಾಗಿ ಸಂದಿತ್ತು. ಉಳಿದುದು ಕಾಯಿ ಇಳಿಸಿದ ಮೇಲೆ ಸಲ್ಲತಕ್ಕದ್ದಾಗಿತ್ತು. ಕಾಯಿ ಇಳಿಯಿತು, ನೋಟಕ್ಕೆ ಒಂದು ಕಲೆಯೂ ಇಲ್ಲದ ಹಸುರು ಕಾಯಿ. ಮಂಡಿಯನ್ನು ಸೇರಿ ಹಣ್ಣಾಗುವ ವೇಳೆಗೆ ಮೈಮೇಲೆ ಕಪ್ಪು ಚುಕ್ಕೆಗಳೆದ್ದು, ತೊಟ್ಟಿನ ಸುತ್ತ ಮೆತ್ತಗಾಗಿ, ರಾಶಿಯ ಬಹುಭಾಗವು ತಿಪ್ಪೆಗೆ ಹೋಯಿತು. "ಕೊಳೆತ ಕಾಯಿಗೆ ದುಡ್ಡು ಹೇಗೆ ಕೊಡಲಿ ಸ್ವಾಮಿ?" ಎಂದು ವರ್ತಕರು. "ನಾನು ಕೊಟ್ಟದ್ದು ಒಳ್ಳೆಯ ಕಾಯಿ, ಕೊಳೆಸಿದವರು ಅವರು" ಎಂದು ಬೆಳೆಗಾರರು. ಇಬ್ಬರೂ ಸುಳ್ಳು ಹೇಳುವವರಲ್ಲ. ಕರಾರು ಪತ್ರವನ್ನು ಬಿಡಿಸಿ ನೋಡಿದೆವು. ಅದರಲ್ಲಿ ಹಣದ ಮಾತಿತ್ತು, ಕಂತಿನ ಮಾತಿತ್ತು, ಕಾವಲಿನ ಮಾತೂ ಇತ್ತು. ಆದರೆ ಒಣರೆಂಬೆಯನ್ನು ಯಾರು ಸವರಬೇಕು, ಔಷಧಿಯನ್ನು ಯಾರು ಹೊಡೆಯಬೇಕು, ಕಾಯಿಯನ್ನು ಹೇಗೆ ಇಳಿಸಬೇಕು ಎಂಬುದಕ್ಕೆ ಒಂದಕ್ಷರವೂ ಇರಲಿಲ್ಲ. ಕೊನೆಗೆ ನಷ್ಟವನ್ನು ಇಬ್ಬರೂ ಹಂಚಿಕೊಂಡು ರಾಜಿಯಾದರು. ಬೆಳೆಗಾರರು ಆ ವರ್ಷ ಮಗಳ ಮದುವೆಯನ್ನು ಮುಂದಕ್ಕೆ ಹಾಕಿದರೆಂದು ಆಮೇಲೆ ತಿಳಿಯಿತು.

ಅಂದಿನಿಂದ ಈ ಕೊಳೆಯು ಯಾರ ವಶದಲ್ಲಿರುವಾಗ ಕಾಯಿಯನ್ನು ಹೊಕ್ಕಿತೆಂಬ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ತಿಳಿದವರನ್ನು ಕೇಳಿ, ತೋಪುಗಳಲ್ಲಿ ತಿರುಗಿ, ನಾವು ಕಂಡುಕೊಂಡ ಉತ್ತರವಿಷ್ಟೆ: ಮಂಡಿಯಲ್ಲಿ ಕಾಣುವ ಕೊಳೆಯು ಬಹುಮಟ್ಟಿಗೆ ಮಂಡಿಯಲ್ಲಿ ಹುಟ್ಟಿದುದಲ್ಲ, ಅದು ತೋಪಿನಿಂದಲೇ ಬಂದುದು.

ಇದು ಸೋಜಿಗವೆನಿಸಬಹುದು, ಆದರೆ ಕಾರಣವು ಸ್ಪಷ್ಟವಾಗಿದೆ. ಹಣ್ಣಿನ ಮೇಲೆ ಕಪ್ಪು ಚುಕ್ಕೆಯನ್ನು ಮಾಡುವ ಚಿಬ್ಬು ರೋಗವು ಒಂದು ಶಿಲೀಂಧ್ರದ, ಎಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯ ಕೆಲಸ. ಒಣಗಿದ ರೆಂಬೆಗಳಲ್ಲಿಯೂ, ಉದುರದೆ ಕರಿಕಾಗಿ ನಿಂತ ಹಳೆಯ ಹೂಗೊಂಚಲುಗಳಲ್ಲಿಯೂ ಅದರ ವಾಸ. ಮಳೆಯ ಹನಿಯು ಅಲ್ಲಿ ಬಿದ್ದು ಸಿಡಿದಾಗ ಅದರ ಬೀಜಕಣಗಳು ಹೂವಿಗೂ ಎಳಗಾಯಿಗೂ ಹಾರುವುವು. ಕಾಯಿಯ ಮೈ ಕೆಲವು ಗಂಟೆಗಳ ಕಾಲ ಒದ್ದೆಯಾಗಿದ್ದರೆ ಸಾಕು, ಆ ಕಣವು ಮೊಳೆತು ಸಿಪ್ಪೆಯೊಳಗೆ ನೆಲೆಮಾಡಿಕೊಳ್ಳುವುದು. ಎಳಗಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರವನ್ನು ತಡೆಯುವ ಸಹಜ ರಸಗಳಿರುವುದರಿಂದ ಅದು ಮುಂದುವರಿಯಲಾರದೆ ಅಡಗಿ ಕುಳಿತಿರುವುದು. ಕಾಯಿ ಹಣ್ಣಾದಂತೆ ಆ ರಸಗಳ ಬಲವು ಕುಗ್ಗುವುದು. ಅಡಗಿದ್ದ ಶತ್ರುವು ಆಗ ತಲೆಯೆತ್ತುವನು. ತೊಟ್ಟಿನ ಬಳಿ ಮೊದಲಾಗುವ ತೊಟ್ಟು ಕೊಳೆಯ ಶಿಲೀಂಧ್ರವೂ ಹೀಗೆಯೇ ರೆಂಬೆಯ ಒಳಗೆ ಸದ್ದಿಲ್ಲದೆ ಇದ್ದು, ತೊಟ್ಟಿನ ಮಾರ್ಗವಾಗಿ ಹಣ್ಣನ್ನು ಸೇರುವುದು. ಆದುದರಿಂದ ನಮ್ಮ ವ್ಯಾಜ್ಯದಲ್ಲಿ ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ನಿಜವಾದ ಅಪರಾಧಿಯು ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಇದು ದೈವಕೋಪವೆಂದು ಕೈಕಟ್ಟಿ ಕುಳ್ಳಿರುವುದು ಕನ್ನಡಿಗರಿಗೆ ಸಲ್ಲದು. ಕೊಳೆಯೊಡನೆ ಹೋರಾಡುವುದು ನಮಗೆ ಹೊಸತಲ್ಲ. "ಕೊಳೆರೋಗ" ಎಂಬ ನಮ್ಮ ಮಾತು ಜಗತ್ತಿನ ವಿಜ್ಞಾನ ಗ್ರಂಥಗಳನ್ನೇ ಸೇರಿದೆ. ಮೈಸೂರು ಸೀಮೆಯ ಕಾಫಿ ಗಿಡದ ರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಪಂಡಿತ ಎಂ. ಸಿ. ಕುಕ್ ಅವರು ಹೆಸರಿಡುವಾಗ ಈ ಕನ್ನಡ ಶಬ್ದವನ್ನೇ ಲ್ಯಾಟಿನ್ ಹೆಸರಿನೊಳಗೆ ಕೂಡಿಸಿದರು. ಇನ್ನು ಅಡಕೆಯ ಕೊಳೆರೋಗವು ಮೈಸೂರು, ಮುಂಬಯಿ, ಮದರಾಸು ಎಂಬ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದ ಅಂದಿನ ಮಲೆನಾಡನ್ನೂ ಕರಾವಳಿಯನ್ನೂ ಒಂದೇ ಸಮನಾಗಿ ಕಾಡುತ್ತಿದ್ದಿತು. ಮಳೆಗೆ ಎಲ್ಲೆಕಟ್ಟು ಎಲ್ಲಿಯದು? ನಮ್ಮ ಹಿರಿಯರು ಹುಲ್ಲಿನ ಕೊಟ್ಟೆಗಳನ್ನು ಹೆಣೆದು ಅಡಕೆಯ ಗೊನೆಗಳಿಗೆ ಕಟ್ಟಿ ಮಳೆಯ ನೀರನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರಿಗೆ ಬಂದ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಇಲ್ಲಿ ರೂಢಿಗೆ ತಂದರು. ಆ ದ್ರಾವಣದ ಹುಟ್ಟೂ ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದಿದ್ದುದನ್ನು ಕಂಡ ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1885ರಲ್ಲಿ ಅದನ್ನು ಲೋಕಕ್ಕೆ ಸಾರಿದರು.

ಇನ್ನು ಕರ್ತವ್ಯದ ಮಾತು. ಕೊಳೆಯನ್ನು ತಡೆಯಲು ಮೂರು ಬಾಗಿಲುಗಳಿವೆ.

ಮೊದಲನೆಯದು ತೋಪಿನ ಬಾಗಿಲು. ಫಸಲು ಮುಗಿದೊಡನೆ ಒಣರೆಂಬೆಗಳನ್ನು ಸವರಿ, ಕರಿಕಾದ ಗೊಂಚಲುಗಳನ್ನು ತೆಗೆದು, ತೋಪಿನಿಂದ ಹೊರಗೆ ಸುಡತಕ್ಕದ್ದು ಅಥವಾ ಹೂಳತಕ್ಕದ್ದು. ಮರದ ನಡುವೆ ಬಿಸಿಲೂ ಗಾಳಿಯೂ ಆಡುವಂತಿರಬೇಕು. ಬೇಗ ಒಣಗುವ ಎಲೆಯಲ್ಲಿ ಶಿಲೀಂಧ್ರಕ್ಕೆ ಎಡೆಯಿಲ್ಲ. ಸವರಿದ ಬಳಿಕ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬಹುದು. 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋಗ್ರಾಂ ಸುಟ್ಟ ಸುಣ್ಣವನ್ನು ಮತ್ತೊಂದು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವಿನ ಅಲಗನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣವು ಸಾಲದೆಂದು ತಿಳಿಯತಕ್ಕದ್ದು. ಕಲಸಿದ ದಿನವೇ ಅದನ್ನು ಮುಗಿಸಬೇಕು. ಹೂಗೊಂಚಲು ಹೊರಡುವ ಚಳಿಯ ದಿನಗಳಲ್ಲಿ ಬೂದಿ ಚೆಲ್ಲಿದಂತೆ ಕಾಣುವ ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಮೇರೆಗೆ ತಂಪು ಹೊತ್ತಿನಲ್ಲಿ ಸಿಂಪಡಿಸುವುದುಂಟು. ಹೂವು ಪೂರ್ಣವಾಗಿ ಅರಳಿದಾಗ ಜೇನುನೊಣಗಳ ಪ್ರಾಣವನ್ನು ನೆನೆದು ಕೈತಡೆಯುವುದು ಲೇಸು. ಈಗ ಕಾಯಿಗೆ ಕಾಗದದ ಚೀಲ ಕಟ್ಟುವ ಕ್ರಮವೂ ಬಂದಿದೆ. ಅದು ನಮ್ಮ ಅಡಕೆಯ ಕೊಟ್ಟೆಯ ತಮ್ಮನೆಂದರೆ ತಪ್ಪಾಗದು.

ಎರಡನೆಯದು ಕೊಯ್ಲಿನ ಬಾಗಿಲು. ತೊಟ್ಟಿನ ಎರಡು ಕಡೆಯ ಭುಜಗಳು ಉಬ್ಬಿ ನಿಂತ ಕಾಯಿಯು ಬಲಿತ ಕಾಯಿ. ನೀರಿಗೆ ಹಾಕಿದರೆ ಅದು ಮುಳುಗುವುದು, ಎಳೆಯದು ತೇಲುವುದು. ಮರವನ್ನು ಅಲುಗಿಸಿ ನೆಲಕ್ಕೆ ಕೆಡವಿದ ಕಾಯಿಗೆ ಒಳಗೆ ಪೆಟ್ಟು, ಹೊರಗೆ ಮಣ್ಣು. ಎರಡೂ ಕೊಳೆಗೆ ಆಹ್ವಾನ. ಬಲೆಯುಳ್ಳ ದೋಟಿಯಿಂದ ತೊಟ್ಟಿನ ಸಹಿತವಾಗಿ ಇಳಿಸಬೇಕು. ತೊಟ್ಟು ಒಂದು ಸೆಂಟಿಮೀಟರಿನಷ್ಟಾದರೂ ಉಳಿದರೆ ಸೊನೆಯು ಸಿಪ್ಪೆಯನ್ನು ಸುಡುವುದು ತಪ್ಪುವುದಲ್ಲದೆ ತೊಟ್ಟು ಕೊಳೆಯೂ ಕಡಮೆಯಾಗುವುದು.

ಮೂರನೆಯದು ಮನೆಯ ಮತ್ತು ಮಂಡಿಯ ಬಾಗಿಲು. ಇಳಿಸಿದ ಕಾಯಿಯನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಮುಳುಗಿಸಿಟ್ಟು, ತೆಗೆದು ನೆರಳಿನಲ್ಲಿ ಆರಿಸಿದರೆ ಸಿಪ್ಪೆಯೊಳಗೆ ಅಡಗಿದ ಶಿಲೀಂಧ್ರದ ಬಹುಭಾಗವು ಅಲ್ಲಿಯೇ ಅಡಗಿಹೋಗುವುದು. ಇದು ಅಳತೆಯ ಕೆಲಸ. ಬಿಸಿ ಹೆಚ್ಚಾದರೆ ಸಿಪ್ಪೆ ಬೇಯುವುದು, ಕಡಮೆಯಾದರೆ ಫಲವಿಲ್ಲ. ಉಷ್ಣಮಾಪಕವಿಲ್ಲದೆ ಕೈಯದ್ದಿ ನೋಡಿ ಮಾಡತಕ್ಕದ್ದಲ್ಲ. ಗಾಯದ ಕಾಯಿಯನ್ನು ಬೇರೆ ತೆಗೆದು, ಗೋಣಿಯಲ್ಲಿ ತುಂಬದೆ ಗಾಳಿಯಾಡುವ ಪೆಟ್ಟಿಗೆಗಳಲ್ಲಿ ಸಾಗಿಸಬೇಕು. ಹಣ್ಣು ಮಾಡುವುದಕ್ಕೆ ಹುಲ್ಲಿನ ಅಡೆಯಾಗಲಿ, ಎಥಿಲೀನ್ ಅನಿಲದ ಕೋಣೆಯಾಗಲಿ ಇದೆ. ಆ ಅನಿಲವು ಹತ್ತು ಲಕ್ಷಕ್ಕೆ 100 ಪಾಲನ್ನು ಮೀರಬಾರದು. ಕ್ಯಾಲ್ಸಿಯಂ ಕಾರ್ಬೈಡನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಅದು ಎಳೆಯ ಕಾಯಿಗೆ ಬಣ್ಣವನ್ನು ಕೊಡಬಲ್ಲುದು, ರುಚಿಯನ್ನು ಕೊಡಲಾರದು, ಕೊಳೆಯನ್ನು ತಡೆಯಲಾರದು. ತಿಂದವರ ಆರೋಗ್ಯಕ್ಕೆ ಕೇಡು ಬೇರೆ.

ಮಹನೀಯರೆ, ಈಗ ನಮ್ಮ ವೃತ್ತಿಯ ಮಾತಿಗೆ ಬರುವೆವು. ಮೂರು ಬಾಗಿಲುಗಳಿದ್ದರೂ ಕಾವಲುಗಾರನು ಯಾರೆಂದು ಗೊತ್ತಿಲ್ಲದಿದ್ದರೆ ಏನು ಪ್ರಯೋಜನ? ಹೂವಿನಲ್ಲಿಯೇ ಫಸಲನ್ನು ಮಾರಿದ ಬೆಳೆಗಾರನು "ಇನ್ನು ನನ್ನದೇನಿದೆ?" ಎನ್ನುವನು, ಒಂದು ವರ್ಷದ ಗುತ್ತಿಗೆದಾರನು "ಮರ ನನ್ನದೆ?" ಎನ್ನುವನು. ಈ ಇಬ್ಬರ ನಡುವಣ ಸಂದಿನಲ್ಲಿ ಶಿಲೀಂಧ್ರವು ಸಂಸಾರ ಹೂಡುವುದು. ಅಗತ್ಯಕ್ಕೆ ಮುಂಗಡ ಪಡೆಯುವ ಬಡ ಬೆಳೆಗಾರನನ್ನು ನಾವು ದೂಷಿಸಲಾರೆವು. ಆದರೆ ಫಸಲನ್ನು ಮಾರಿದರೂ ಆರೈಕೆಯನ್ನು ಮಾರಬೇಡಿರೆಂದು ಕೈಮುಗಿದು ಬೇಡುವೆವು. ನಿಮ್ಮ ಮುಂದಿನ ಕರಾರಿನಲ್ಲಿ ಮೂರೇ ಪಂಕ್ತಿಗಳನ್ನು ಬರೆಯಿಸಿರಿ: ಸವರುವುದೂ ಸಿಂಪಡಿಸುವುದೂ ಯಾರ ಹೊಣೆ, ಯಾರ ಖರ್ಚು, ಯಾವ ತಿಂಗಳು, ಕಾಯಿಯನ್ನು ತೊಟ್ಟಿನ ಸಹಿತ ದೋಟಿಯಿಂದಲೇ ಇಳಿಸತಕ್ಕದ್ದು, ಇಳಿಸಿದ ದಿನವೇ ಇಬ್ಬರೂ ನೋಡಿ ಒಪ್ಪಿದ ಮೇಲೆ ನಷ್ಟದ ಪಾಲು ಹೀಗೆ. ಈ ಮೂರು ಪಂಕ್ತಿಗಳಿದ್ದಿದ್ದರೆ ಅಂದಿನ ವ್ಯಾಜ್ಯವು ನಮ್ಮ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಅದರಿಂದ ನಮ್ಮ ಆದಾಯಕ್ಕೆ ಕೊರತೆಯಾದರೆ ಚಿಂತೆಯಿಲ್ಲ.

ಉಪಾಧ್ಯಾಯ ಮಿತ್ರರಲ್ಲಿಯೂ ಒಂದು ಬಿನ್ನಹ. ಔಷಧಿಯ ಡಬ್ಬದೊಡನೆ ಬರುವ ವಿವರಪತ್ರವು ಆಯಾ ಪ್ರಾಂತದ ಭಾಷೆಯಲ್ಲಿಯೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಎಷ್ಟು ಪ್ರಮಾಣ, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕೊಯ್ಲು ಎಂಬುದೆಲ್ಲ ಅದರಲ್ಲಿರುವುದು. ಅಂಗಡಿಯಲ್ಲಿ ಕನ್ನಡದ ಪತ್ರವನ್ನು ಕೇಳಿ ಪಡೆಯುವುದು ಬೆಳೆಗಾರನ ಹಕ್ಕು. ಅದರ ಇರುವೆ ಸಾಲಿನಂಥ ಅಕ್ಷರಗಳನ್ನು ಅವನಿಗೆ ಓದಿ ತಿಳಿಸುವುದು ಓದು ಬಲ್ಲ ನಮ್ಮ ನಿಮ್ಮ ಧರ್ಮ. ಸಂಶಯ ಬಂದಲ್ಲಿ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ದೂರವಲ್ಲ.

ಕೊಳೆರೋಗವೆಂಬ ಹೆಸರನ್ನು ಲೋಕಕ್ಕೆ ಕೊಟ್ಟವರು ನಾವು. ಅದರ ಮದ್ದನ್ನೂ ನಮ್ಮ ಮಾತಿನಲ್ಲಿಯೇ ಮನೆಮನೆಗೆ ಮುಟ್ಟಿಸೋಣ. ಮುಂದಿನ ಹೂವು ಬಿಡುವುದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ತೋಪಿನ ಒಣರೆಂಬೆಗಳನ್ನೊಮ್ಮೆ ತಲೆಯೆತ್ತಿ ನೋಡಿದರೆ ನಮ್ಮ ಈ ಮಾತುಗಳು ಸಾರ್ಥಕವಾದುವೆಂದು ಭಾವಿಸುವೆವು.