ಮೆಟಿಯೋರಾದ ಮುಚ್ಚಿದ ದಿನಗಳು

ಗ್ರೀಸ್ ದೇಶದ ಥೆಸಲಿ ಬಯಲಿನ ಅಂಚಿನಲ್ಲಿ ನೆಲದಿಂದ ನೆಟ್ಟಗೆ ಎದ್ದು ನಿಂತ ಬಂಡೆಗಳಿವೆ. ಕೆಲವು 300 ಮೀಟರಿಗಿಂತಲೂ ಎತ್ತರ. ಅವುಗಳ ನೆತ್ತಿಯ ಮೇಲೆ ಕ್ರೈಸ್ತ ಸನ್ಯಾಸಿಗಳ ಮಠಗಳು. ಮೆಟಿಯೋರಾ ಎಂದು ಈ ಜಾಗದ ಹೆಸರು. ಒಂದು ಕಾಲಕ್ಕೆ ಇಲ್ಲಿ 20ಕ್ಕೂ ಹೆಚ್ಚು ಮಠಗಳಿದ್ದವು. ಈಗ ಸನ್ಯಾಸಿಗಳು, ಸನ್ಯಾಸಿನಿಯರು ವಾಸವಾಗಿರುವುದು 6 ಮಠಗಳಲ್ಲಿ.

ಬೇಸಿಗೆಯಲ್ಲಿ ಅಲ್ಲಿ ಬಸ್ಸುಗಳ ಸಾಲು. ಅಕ್ಟೋಬರ್ ಕಳೆಯುತ್ತಿದ್ದಂತೆ ಆ ಸಾಲು ಕರಗುತ್ತದೆ, ಕಣಿವೆಯ ಮರಗಳು ಹಳದಿಯಾಗುತ್ತವೆ. ಜನಜಂಗುಳಿ ಇರುವುದಿಲ್ಲವೆಂದೇ ಆ ದಿನಗಳನ್ನು ಆರಿಸಿಕೊಂಡು ಹೋಗುವವರಿದ್ದಾರೆ. ಆದರೆ ಮಠಗಳೂ ಆಗ ಚಳಿಗಾಲದ ವೇಳಾಪಟ್ಟಿಗೆ ಹೊರಳುತ್ತವೆ. ವಾರಕ್ಕೆ ಒಂದು ದಿನ ಬಾಗಿಲು ಹಾಕುತ್ತಿದ್ದ ಕೆಲವು ಮಠಗಳು ಎರಡು ದಿನ ಹಾಕುತ್ತವೆ. ಅಷ್ಟು ದೂರದಿಂದ ಬಂದು, ಏದುಸಿರು ಬಿಡುತ್ತಾ ಹತ್ತಿ ನಿಂತವರಿಗೆ ಮುಚ್ಚಿದ ಬಾಗಿಲು ಕಂಡರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನ ಬಗ್ಗೆ ಇವತ್ತು ಒಂದಿಷ್ಟು ಯೋಚಿಸೋಣ.

ಬಂಡೆ ಕಡಿದು ಈಗಿನ ಮೆಟ್ಟಿಲುಗಳನ್ನು ಮಾಡಿದ್ದು 1920ರ ದಶಕದಲ್ಲಿ, ಅಂದರೆ ಮೊನ್ನೆ ಮೊನ್ನೆ. 14ನೇ ಶತಮಾನದಲ್ಲಿ ಅಥನಾಸಿಯೋಸ್ ಎಂಬ ಸನ್ಯಾಸಿ ಏಥೋಸ್ ಪರ್ವತದಿಂದ ಬಂದು ಇಲ್ಲಿನ ದೊಡ್ಡ ಮಠವನ್ನು ಸ್ಥಾಪಿಸಿದರು. ಅಲ್ಲಿಂದ ನೂರಾರು ವರ್ಷ ಮೇಲೇರಲು ಇದ್ದದ್ದು ತೂಗಾಡುವ ಏಣಿ, ಇಲ್ಲವೇ ಹಗ್ಗದ ಬಲೆ. ಬಂದವನು ಬಲೆಯೊಳಗೆ ಮುದುಡಿ ಕೂರಬೇಕು. ಮೇಲೆ ಸನ್ಯಾಸಿಗಳು ರಾಟೆ ತಿರುಗಿಸಿ ಅವನನ್ನು ಎಳೆದುಕೊಳ್ಳಬೇಕು. ವರ್ಲಾಮ್ ಮಠದಲ್ಲಿ ಆ ರಾಟೆಯ ಗೋಪುರವನ್ನು ಇಂದಿಗೂ ನೋಡಬಹುದು. ಒಳಗೆ ಹೋಗುವುದು ಬಿಡುವುದು ಬಂದವನ ಕೈಯಲ್ಲಿ ಇರಲೇ ಇಲ್ಲ. ಮೇಲಿನವರು ಬಲೆ ಇಳಿಸಿದರೆ ದಾರಿ. ಏಣಿ ಎಳೆದುಕೊಂಡರೆ ಬರೀ ಬಂಡೆ. ಕಳ್ಳನಿಗೂ ಭಕ್ತನಿಗೂ ಅದೇ ನಿಯಮ.

ಮೆಟ್ಟಿಲು ಬಂತು, ಡಾಂಬರು ರಸ್ತೆ ಬಂತು, ಟಿಕೆಟ್ ಬಂತು. ದುಡ್ಡು ಕೊಟ್ಟ ಮೇಲೆ ನೋಡುವುದು ನಮ್ಮ ಹಕ್ಕು ಎಂಬ ಭಾವನೆಯೂ ಅದರ ಹಿಂದೆಯೇ ಬಂತು. ನನಗನ್ನಿಸುತ್ತದೆ, ವಾರದ ಆ ಮುಚ್ಚಿದ ದಿನವೇ ಇವತ್ತಿನ ಎಳೆದುಕೊಂಡ ಏಣಿ. ಏಕಾಂತಕ್ಕಾಗಿ ಬಂಡೆ ಹತ್ತಿದವರಿಗೆ ನಾವು ಉಳಿಸಿರುವ ಏಕಾಂತ ಅಷ್ಟೇ. ನೈವೇದ್ಯದ ಹೊತ್ತಿಗೆ ಅರ್ಚಕರು ತೆರೆ ಎಳೆದರೆ ನಾವು ಜಗಳಕ್ಕೆ ಹೋಗುತ್ತೇವೆಯೇ? ಕೈಮುಗಿದು ಕಾಯುತ್ತೇವೆ. ಆ ಮಠಗಳಲ್ಲೂ ಪ್ರಾರ್ಥನೆಯಿದೆ, ಅಡುಗೆಯಿದೆ, ಚಳಿಗಾಲಕ್ಕೆ ಮುನ್ನ ಮಾಡಿ ಮುಗಿಸಬೇಕಾದ ಕೆಲಸವಿದೆ. ಅಲ್ಲಿರುವವರು ನಮಗೆ ತೋರಿಸಲೆಂದು ಸನ್ಯಾಸ ತೆಗೆದುಕೊಂಡವರಲ್ಲ.

ಬಾಗಿಲು ಮುಚ್ಚಿದ ದಿನ ಕೆಳಗಿನ ಕಸ್ತ್ರಾಕಿ ಹಳ್ಳಿಯ ಕಡೆ ನಡೆದುಹೋದರೂ ನೋಡಲು ಬೇಕಾದಷ್ಟಿದೆ. ಅಲ್ಲಿನ ಬಂಡೆಗಳ ಮೈಯಲ್ಲಿ ಗವಿಗಳು ಕಾಣುತ್ತವೆ. ಮಠಗಳು ಏಳುವುದಕ್ಕೂ ಬಹಳ ಹಿಂದೆ ಅವುಗಳಲ್ಲಿ ಒಬ್ಬೊಬ್ಬರೇ ತಪಸ್ವಿಗಳಿದ್ದರು. ಭಾನುವಾರಗಳಂದು, ವಿಶೇಷ ದಿನಗಳಂದು ಮಾತ್ರ ಕೆಳಗಿಳಿದು, ದೂಪಿಯಾನಿ ಎಂಬಲ್ಲಿನ ಪುಟ್ಟ ಗುಡಿಯಲ್ಲಿ ಕೂಡಿ ಪ್ರಾರ್ಥಿಸುತ್ತಿದ್ದರು. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿದ್ದದ್ದು ಹೆಚ್ಚಾಗಿ ವಾರಕ್ಕೊಮ್ಮೆ. ಅವರ ದಾರಿಯಲ್ಲೇ ನಡೆದು ಬಂದ ಇಂದಿನವರು, ಹೆಸರೂ ಗೊತ್ತಿಲ್ಲದ ನಮಗೆ ವಾರದ ಹೆಚ್ಚಿನ ದಿನಗಳಲ್ಲಿ ಬಾಗಿಲು ತೆರೆದಿಡುತ್ತಾರೆ.